ಮನೆಯೊಳಗಿನ ಅಂಚೆ: ಲಿನಕ್ಸ್ ಸರ್ವರಿನಲ್ಲಿ ಪತ್ರವು ತಡೆಯುವುದೆಲ್ಲಿ?

(ಸಂಘದ ವಾರ್ಷಿಕೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಹಿತ್ಯ, ಸಂಗೀತ, ಯಕ್ಷಗಾನಗಳಿಗೆ ಮೀಸಲಾದ ಈ ಉತ್ಸವದಲ್ಲಿ ಯಂತ್ರವೊಂದರ ವಿಷಯವಾಗಿ ನಾಲ್ಕು ಮಾತುಗಳನ್ನಾಡಲು ಕಾರ್ಯಕಾರೀ ಸಮಿತಿಯವರು ನಮಗೆ ಅವಕಾಶವಿತ್ತಿರುವುದು ಅವರ ಔದಾರ್ಯವೇ ಸರಿ. ವಿಷಯವು ಶುಷ್ಕವೆಂದು ಕೆಲವರಿಗೆ ತೋರಬಹುದು. ಆದರೆ ಕಾಗದಕ್ಕಾಗಿ ಕಾಯುವುದೆಂದರೇನೆಂಬುದನ್ನು ಬಲ್ಲದ ಮನೆ ಈ ನಾಡಿನಲ್ಲಿಲ್ಲ. ಮಗನ ಕಾಗದ, ನೌಕರಿಯ ಕಾಗದ, ವಿದ್ಯಾರ್ಥಿವೇತನದ ಕಾಗದ—ಬರಬೇಕಾದುದು ಬಾರದೆ ಹೋದಾಗ ಮನಸ್ಸು ಮೊದಲು ಬರೆದವನನ್ನು ಶಂಕಿಸುತ್ತದೆ, ಆಮೇಲೆ ತಂದುಕೊಡುವವನನ್ನು. ದಾರಿಯಲ್ಲಿ ಅದು ಎಲ್ಲಿ ನಿಂತಿತೆಂದು ವಿಚಾರಿಸುವವರು ವಿರಳ. ಆ ವಿಚಾರಣೆಯನ್ನು ಕ್ರಮವಾಗಿ ಮಾಡುವುದು ಹೇಗೆಂಬುದೇ ಇಂದಿನ ನಮ್ಮ ವಿಷಯ.

ಲಿನಕ್ಸ್ ಎಂಬ ಹೆಸರು ಇಲ್ಲಿ ನೆರೆದಿರುವ ಮಕ್ಕಳಿಗೆ ಹೊಸದೇನಲ್ಲ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಅವರಿಂದ ಆರಂಭಗೊಂಡ ಈ ವ್ಯವಸ್ಥೆಯು ಇಂದು ಲೋಕದ ಬಹುಪಾಲು ಸರ್ವರುಗಳನ್ನು ನಡೆಸುತ್ತಿದೆ. ಕೇರಳದಲ್ಲಿ 2001ರಲ್ಲಿ ಮೊದಲಾದ ‘ಐಟಿ ಅಟ್ ಸ್ಕೂಲ್’ ಯೋಜನೆಯೂ 2017ರಲ್ಲಿ ಅದು ತಳೆದ ‘ಕೈಟ್’ ಎಂಬ ರೂಪವೂ ಶಾಲೆಗಳಿಗೆ ಲಿನಕ್ಸನ್ನೇ ಕೊಟ್ಟಿರುವುದರಿಂದ, ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವಿನ ಕೈಗೂ ಅದು ಬಂದಿದೆ. ಶಾಲೆಯಲ್ಲಿ ಕಲಿತ ಕೈಗಳಿಗೆ ಊರಿನ ಸಂಸ್ಥೆಗಳ ಸರ್ವರನ್ನು ನೋಡಿಕೊಳ್ಳುವ ಹೊಣೆಯೂ ನಾಳೆ ಬರತಕ್ಕದ್ದು. ಆಗ ಬೇಕಾಗುವ ತಿಳಿವಳಿಕೆಯನ್ನು ಕನ್ನಡದಲ್ಲಿಯೇ ಹೇಳಬಹುದೆಂಬ ವಿಶ್ವಾಸದಿಂದ ನಾವು ಈ ಪ್ರಯತ್ನಕ್ಕೆ ಕೈಹಾಕಿದ್ದೇವೆ. ಯಂತ್ರಕ್ಕೆ ಕೊಡುವ ಆಜ್ಞೆಗಳನ್ನು ಇಂಗ್ಲಿಷ್ ಲಿಪಿಯಲ್ಲಿಯೇ ಬೆರಳಚ್ಚು ಮಾಡಬೇಕಾಗುವುದಾದರೂ ಇಲ್ಲಿ ಅವುಗಳ ಉಚ್ಚಾರವನ್ನು ಮಾತ್ರ ಕೊಡುತ್ತೇವೆ.

ಮೊದಲು, ‘ಸ್ಥಳೀಯ ಅಂಚೆ’ ಎಂದರೇನು? ಒಂದೇ ಯಂತ್ರದಲ್ಲಿ ಖಾತೆಯುಳ್ಳ ಒಬ್ಬರಿಂದ ಇನ್ನೊಬ್ಬರಿಗೆ, ಇಲ್ಲವೆ ಯಂತ್ರದಿಂದಲೇ ಅದರ ಮೇಲ್ವಿಚಾರಕರಿಗೆ, ಹೊಸಿಲನ್ನು ದಾಟದೆ ತಲುಪುವ ಪತ್ರ. ಹೊರ ಊರಿನಿಂದ ಬಂದ ಪತ್ರವನ್ನು ಒಳಗಿನ ಪೆಟ್ಟಿಗೆಗೆ ಹಾಕುವ ಕೊನೆಯ ಹೆಜ್ಜೆಯೂ ಇದೇ. ವಿದ್ಯುನ್ಮಾನ ಅಂಚೆಯ ಇತಿಹಾಸದಲ್ಲಿ ಮೊದಲು ಹುಟ್ಟಿದ್ದೂ ಈ ಮನೆಯೊಳಗಿನ ಅಂಚೆಯೇ. 1965ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ, ಹಲವರು ಹಂಚಿಕೊಂಡು ಬಳಸುತ್ತಿದ್ದ ಒಂದು ಕಂಪ್ಯೂಟರಿಗಾಗಿ ಟಾಮ್ ವ್ಯಾನ್ ವ್ಲೆಕ್ ಮತ್ತು ನೋಯೆಲ್ ಮಾರಿಸ್ ಎಂಬಿಬ್ಬರು ‘ಮೇಲ್’ ಎಂಬ ಆಜ್ಞೆಯನ್ನು ರಚಿಸಿದರು. ಒಂದು ಯಂತ್ರದಿಂದ ಇನ್ನೊಂದಕ್ಕೆ ಪತ್ರ ಹೋದುದು 1971ರಲ್ಲಿ, ರೇ ಟಾಮ್ಲಿನ್‌ಸನ್ ಅವರ ಕೈಯಿಂದ. ಹೆಸರಿಗೂ ಊರಿಗೂ ನಡುವೆ ‘ಅಟ್’ ಚಿಹ್ನೆಯನ್ನಿಟ್ಟವರು ಅವರೇ. ಮುಂದೆ ಎರಿಕ್ ಆಲ್‌ಮನ್ ಅವರ ಸೆಂಡ್‌ಮೇಲ್, ಫಿಲಿಪ್ ಹೇಝಲ್ ಅವರ ಎಕ್ಸಿಮ್, 1998ರಲ್ಲಿ ಹೊರಬಂದ ವೀಟ್ಸೆ ವೆನೆಮಾ ಅವರ ಪೋಸ್ಟ್‌ಫಿಕ್ಸ್ ಮೊದಲಾದ ಅಂಚೆ ತಂತ್ರಾಂಶಗಳು ಬಳಕೆಗೆ ಬಂದುವು. ನಾವು ಇಲ್ಲಿ ಹೇಳುವುದೆಲ್ಲ ಪೋಸ್ಟ್‌ಫಿಕ್ಸನ್ನು ಕುರಿತದ್ದು. ಉಳಿದವುಗಳಲ್ಲಿ ಹೆಸರುಗಳು ಬೇರೆಯಾದರೂ ವಿಚಾರಣೆಯ ದಾರಿ ಒಂದೇ.

ಲೋಕವೆಲ್ಲ ದೂರದ ಅಂಚೆಯನ್ನೇ ನಂಬಿರುವಾಗ ಮನೆಯೊಳಗಿನ ಅಂಚೆಗೆ ಇಷ್ಟು ಮಹತ್ವವೇಕೆಂದು ತಾವು ಕೇಳಬಹುದು. ಸರ್ವರು ತನ್ನ ಕಷ್ಟಸುಖಗಳನ್ನು ಯಜಮಾನನಿಗೆ ತಿಳಿಸುವುದು ಬಹುಮಟ್ಟಿಗೆ ಈ ಅಂಚೆಯಿಂದಲೇ. ‘ಕ್ರಾನ್’ ಎಂಬ ಸೇವಕನು ನೇಮಿಸಿದ ವೇಳೆಗೆ ನೇಮಿಸಿದ ಕೆಲಸವನ್ನು ಮಾಡಿ, ಆ ಕೆಲಸವು ಏನನ್ನಾದರೂ ನುಡಿದರೆ ಅದನ್ನು ಪತ್ರವಾಗಿ ಬರೆದು ಕಳುಹಿಸುತ್ತಾನೆ. ರಾತ್ರಿಯ ಬ್ಯಾಕಪ್ ನಡೆಯದೆ ಹೋದರೆ ಅದರ ಸುದ್ದಿ ಬರುವುದು ಹೀಗೆ. ‘ಸ್ಮಾರ್ಟ್‌ಡಿ’ ಎಂಬುದು ಡಿಸ್ಕಿನ ನಾಡಿಯನ್ನು ನೋಡುತ್ತಿದ್ದು, ಕೆಡುವ ಲಕ್ಷಣಗಳು ಕಂಡರೆ ಎಚ್ಚರಿಸುತ್ತದೆ. ಒಂದೇ ಮಾಹಿತಿಯನ್ನು ಎರಡು ಡಿಸ್ಕುಗಳಲ್ಲಿ ಇರಿಸುವ ಏರ್ಪಾಡಿದ್ದಲ್ಲಿ, ಒಂದು ಕಳಚಿಕೊಂಡ ಕೂಡಲೇ ‘ಎಂಡಿ-ಆಡ್ಮ್’ ಎಂಬುದು ಪತ್ರ ಬರೆಯುತ್ತದೆ. ಇವೆಲ್ಲ ಸಾಮಾನ್ಯವಾಗಿ ಬರೆಯುವುದು ‘ರೂಟ್’ ಎಂಬ ಯಜಮಾನ ಖಾತೆಗೆ.

ಈಗ ಆಲೋಚಿಸಿ ನೋಡಿ. ಎರಡು ಡಿಸ್ಕುಗಳಲ್ಲಿ ಒಂದು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ಹೊರಗಿನಿಂದ ನೋಡುವವರಿಗೆ ಎಲ್ಲವೂ ಸುಸೂತ್ರ. ಆ ಪತ್ರವೊಂದೇ ಸಾಕ್ಷಿ. ಅದು ತಲುಪದಿದ್ದರೆ ಎರಡನೆಯ ಡಿಸ್ಕು ಕೆಡುವ ದಿನದವರೆಗೆ ಯಾರಿಗೂ ಏನೂ ತಿಳಿಯದು. ಆ ದಿನ ಶಾಲೆಯ ದಾಖಲಾತಿ ಪುಸ್ತಕಗಳ ಪ್ರತಿ, ಹಳೆಯ ಸಂಚಿಕೆಗಳ ಛಾಯಾಪ್ರತಿ, ವಾಚನಾಲಯದ ಪಟ್ಟಿ ಎಲ್ಲವೂ ಒಟ್ಟಿಗೆ ಹೋದುವೆಂದೇ ಲೆಕ್ಕ. ದೊಡ್ಡ ನಗರಗಳ ಸಂಸ್ಥೆಗಳಲ್ಲಿ ಇವುಗಳ ಪ್ರತಿ ಇನ್ನೆಲ್ಲಾದರೂ ಸಿಕ್ಕೀತು. ಗಡಿನಾಡಿನ ಸಣ್ಣ ಸಂಸ್ಥೆಯೊಂದರ ಕಡತಗಳಿಗೆ ಎರಡನೆಯ ಮನೆಯಿರುವುದು ಅಪರೂಪ. ಆದುದರಿಂದ ನಮ್ಮಂಥವರಿಗೆ ಈ ಸಣ್ಣ ಅಂಚೆಯು ಸಣ್ಣದಲ್ಲ. ಇತ್ತೀಚಿನ ಹಲವು ಲಿನಕ್ಸ್ ವಿತರಣೆಗಳಲ್ಲಿ ಅಂಚೆ ತಂತ್ರಾಂಶವು ತಾನಾಗಿ ಬರುವುದಿಲ್ಲವೆಂಬುದನ್ನೂ ಗಮನಿಸಬೇಕು. ಡೆಬಿಯನ್, ಉಬುಂಟುಗಳಲ್ಲಿ ಅಂಥ ಸ್ಥಿತಿಯಲ್ಲಿ ಕ್ರಾನ್ ‘ಅಂಚೆಯ ಏರ್ಪಾಡಿಲ್ಲ, ಹೇಳಬೇಕಾದುದನ್ನು ಎಸೆಯುತ್ತಿದ್ದೇನೆ’ ಎಂಬರ್ಥದ ಒಂದು ಸಾಲನ್ನು ದಿನಚರಿಯಲ್ಲಿ ಬರೆದು ಸುಮ್ಮನಾಗುತ್ತದೆ.

ಇನ್ನು ಪತ್ರದ ಪ್ರಯಾಣವನ್ನು ನೋಡೋಣ. ಪೋಸ್ಟ್‌ಫಿಕ್ಸ್ ಒಬ್ಬನೇ ಆಳಲ್ಲ, ಅದೊಂದು ಅಂಚೆಕಚೇರಿ. ಯಂತ್ರದ ಒಳಗೆ ಬರೆದ ಪತ್ರವು ಮೊದಲು ‘ಮೇಲ್‌ಡ್ರಾಪ್’ ಎಂಬ ಪೆಟ್ಟಿಗೆಗೆ ಬೀಳುತ್ತದೆ. ‘ಪಿಕಪ್’ ಎಂಬ ಆಳು ಅದನ್ನೆತ್ತಿ ‘ಕ್ಲೀನಪ್’ ಎಂಬವನಿಗೆ ಕೊಡುತ್ತಾನೆ. ಇವನು ವಿಳಾಸವನ್ನೂ ತಲೆಬರಹವನ್ನೂ ಒಪ್ಪಮಾಡಿ ಸರದಿಗೆ ಸೇರಿಸುತ್ತಾನೆ. ‘ಕ್ಯೂ-ಮ್ಯಾನೇಜರ್’ ವಿಂಗಡಣೆಯ ಮುಖ್ಯಸ್ಥ. ಪತ್ರವು ಊರಿನದಾದರೆ ಅದನ್ನು ‘ಲೋಕಲ್’ ಎಂಬ ಬಟವಾಡೆಯವನಿಗೂ, ಪರಊರಿನದಾದರೆ ‘ಎಸ್‌ಎಂಟಿಪಿ’ ಎಂಬವನಿಗೂ ಒಪ್ಪಿಸುವವನು ಅವನೇ. ಈಗ ತಲುಪಿಸಲಾಗದ್ದನ್ನು ‘ಡಿಫರ್ಡ್’ ಎಂಬ ಅಡ್ಡೆಯಲ್ಲಿ ತೆಗೆದಿರಿಸಿ ಮತ್ತೆ ಮತ್ತೆ ಪ್ರಯತ್ನಿಸಲಾಗುತ್ತದೆ. ಕಚೇರಿಯನ್ನು ಪ್ರವೇಶಿಸಿದಾಗಲೇ ಪ್ರತಿ ಪತ್ರಕ್ಕೂ ಒಂದು ಗುರುತಿನ ಸಂಖ್ಯೆ ಬೀಳುತ್ತದೆ. ರಿಜಿಸ್ಟರ್ಡ್ ಕಾಗದದ ರಸೀದಿಯಂತೆ ಆ ಸಂಖ್ಯೆಯು ಪ್ರತಿ ಮೇಜಿನ ದಿನಚರಿಯಲ್ಲಿಯೂ ಬರೆಯಲ್ಪಡುತ್ತದೆ.

ನಮ್ಮ ಇಡೀ ಭಾಷಣದ ತಿರುಳು ಈ ಒಂದು ಮಾತಿನಲ್ಲಿದೆ. ಯಂತ್ರದೊಳಗೆ ಪತ್ರವು ಮಾಯವಾಗುವುದು ಬಲು ವಿರಳ. ಅದು ಎಲ್ಲಿಯೋ ಇದ್ದೇ ಇರುತ್ತದೆ, ಮತ್ತು ಎಲ್ಲಿದೆಯೆಂಬುದನ್ನು ಯಂತ್ರವು ತಾನೇ ಬರೆದಿಟ್ಟಿರುತ್ತದೆ. ಬರೆದಿರುವುದನ್ನು ಓದದೆ ತಿದ್ದಲು ತೊಡಗುವುದೇ ಇಂಥ ಕೆಲಸದಲ್ಲಿ ಕೇಡಿನ ಮೂಲ. ಒಂದು ದೋಷವಿದ್ದಲ್ಲಿ ಅದರಿಂದ ಮೂರಾಗುತ್ತವೆ, ಮೊದಲನೆಯದು ಯಾವುದಾಗಿತ್ತೆಂಬುದೇ ಮರೆತುಹೋಗುತ್ತದೆ.

ಆದುದರಿಂದ ಮೊದಲ ಕೆಲಸ ಪರೀಕ್ಷೆಯ ಪತ್ರ. ‘ಸಿಸ್ಟಮ್-ಕಂಟ್ರೋಲ್’ ಆಜ್ಞೆಯಿಂದ ಪೋಸ್ಟ್‌ಫಿಕ್ಸ್ ನಡೆಯುತ್ತಿದೆಯೆಂದು ಖಚಿತಪಡಿಸಿಕೊಂಡು, ‘ಮೇಲ್’ ಆಜ್ಞೆಯಿಂದ ಆ ಯಂತ್ರದಲ್ಲಿರುವ ಒಂದು ಖಾತೆಗೆ ಎರಡು ಸಾಲು ಬರೆದು ಕಳುಹಿಸಿ, ಗಳಿಗೆಯನ್ನು ಬರೆದಿಟ್ಟುಕೊಳ್ಳಬೇಕು. ಬಳಿಕ ‘ಮೇಲ್‌ಕ್ಯೂ’ ಎಂಬ ಆಜ್ಞೆಯಿಂದ ಸರದಿಯನ್ನು ನೋಡಬೇಕು. ಅಲ್ಲಿ ಪತ್ರವು ನಿಂತಿದ್ದರೆ ನಿಂತ ಕಾರಣವೂ ಅದರ ಕೆಳಗೆಯೇ ಇರುತ್ತದೆ. ಸರದಿಯು ಬರಿದಾಗಿದ್ದರೆ ಪತ್ರವು ತಲುಪಿದೆ, ಇಲ್ಲವೆ ಹಿಂದಿರುಗಿದೆ. ಎರಡರಲ್ಲಿ ಯಾವುದೆಂಬುದನ್ನು ದಿನಚರಿಯು ಹೇಳಬೇಕು. ಈ ದಿನಚರಿಯು ಡೆಬಿಯನ್ ಬಳಗದಲ್ಲಿ ‘ವಾರ್’ ಕೋಶದ ‘ಲಾಗ್’ ಎಂಬ ಒಳಕೋಶದಲ್ಲಿ ‘ಮೇಲ್ ಡಾಟ್ ಲಾಗ್’ ಎಂಬ ಹೆಸರಿನಿಂದಲೂ, ರೆಡ್‌ಹ್ಯಾಟ್ ಬಳಗದಲ್ಲಿ ಅಲ್ಲಿಯೇ ‘ಮೇಲ್‌ಲಾಗ್’ ಎಂಬ ಹೆಸರಿನಿಂದಲೂ ಇರುವುದು ರೂಢಿ. 2023ರಲ್ಲಿ ಬಂದ ಡೆಬಿಯನ್ 12ರಿಂದೀಚೆಗೆ ಈ ಕಡತವು ತಾನಾಗಿ ಇರುವುದಿಲ್ಲ. ಅಲ್ಲಿ ‘ಜರ್ನಲ್-ಕಂಟ್ರೋಲ್’ ಎಂಬ ಆಜ್ಞೆಯಿಂದ ಓದಬೇಕು. ಕಡತ ಕಾಣದ ಮಾತ್ರಕ್ಕೆ ದಿನಚರಿಯೇ ಇಲ್ಲವೆಂದು ಗಾಬರಿಗೊಳ್ಳಬೇಕಾಗಿಲ್ಲ.

ಗುರುತಿನ ಸಂಖ್ಯೆಯನ್ನು ಹಿಡಿದು ದಿನಚರಿಯನ್ನು ಹುಡುಕಿದರೆ ಐದಾರು ಸಾಲುಗಳು ದೊರೆಯುತ್ತವೆ. ಅವುಗಳಲ್ಲಿ ಬಟವಾಡೆಯ ಸಾಲೊಂದನ್ನು ನಿಧಾನವಾಗಿ ಓದಿದರೆ ಮುಕ್ಕಾಲು ಪಾಲು ಉತ್ತರ ಸಿಕ್ಕಂತೆಯೇ. ಅಲ್ಲಿ ‘ಟು’ ಎಂಬುದು ಕಟ್ಟಕಡೆಯ ವಿಳಾಸ. ‘ಆರಿಜಿನಲ್ ಟು’ ಎಂಬುದಿದ್ದರೆ ಅದು ಬರೆದವನು ಬರೆದ ವಿಳಾಸ. ‘ರಿಲೇ’ ಎಂಬುದು ಪತ್ರವನ್ನು ಯಾರ ಕೈಗೆ ಕೊಟ್ಟರೆಂಬುದು. ಅಲ್ಲಿ ‘ಲೋಕಲ್’ ಎಂದಿದ್ದರೆ ಯಂತ್ರವು ಪತ್ರವನ್ನು ತನ್ನದೆಂದು ಭಾವಿಸಿತು. ಬೇರೆ ಯಂತ್ರದ ಹೆಸರಿದ್ದರೆ ಪರರದೆಂದು ಭಾವಿಸಿ ಹೊರಗೆ ಕಳುಹಿಸಲು ಹೊರಟಿತು. ಕೊನೆಯದು ‘ಸ್ಟೇಟಸ್’. ಅದಕ್ಕೆ ಸಾಮಾನ್ಯವಾಗಿ ಮೂರೇ ಉತ್ತರ. ‘ಸೆಂಟ್’ ಎಂದರೆ ಒಪ್ಪಿಸಿಯಾಯಿತು. ‘ಡಿಫರ್ಡ್’ ಎಂದರೆ ಸದ್ಯಕ್ಕೆ ಆಗಲಿಲ್ಲ, ಮತ್ತೆ ಪ್ರಯತ್ನಿಸುತ್ತೇವೆ. ‘ಬೌನ್ಸ್ಡ್’ ಎಂದರೆ ಆಗದು, ಬರೆದವನಿಗೆ ಹಿಂದಿರುಗಿಸಿದ್ದೇವೆ. ಜೊತೆಗಿರುವ ಸಂಖ್ಯೆಯು 2ರಿಂದ ಮೊದಲಾದರೆ ಯಶಸ್ಸು, 4ರಿಂದಾದರೆ ತಾತ್ಕಾಲಿಕ ತಡೆ, 5ರಿಂದಾದರೆ ಶಾಶ್ವತ ನಿರಾಕರಣೆ.

ತಾತ್ಕಾಲಿಕ ತಡೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಪೋಸ್ಟ್‌ಫಿಕ್ಸ್‌ನ ಮೂಲ ನಿಗದಿಯಂತೆ ಮರುಪ್ರಯತ್ನಗಳ ನಡುವಣ ಅಂತರವು 300 ಸೆಕೆಂಡಿನಿಂದ 4000 ಸೆಕೆಂಡಿನವರೆಗೆ ಬೆಳೆಯುತ್ತ ಹೋಗುತ್ತದೆ. ಐದು ದಿನಗಳಾದರೂ ಸಾಧ್ಯವಾಗದಿದ್ದರೆ ಮಾತ್ರ ಪತ್ರವು ಹಿಂದಿರುಗುತ್ತದೆ. ನಡುವೆ ತಡವಾದ ಸಂಗತಿಯನ್ನು ಬರೆದವನಿಗೆ ತಿಳಿಸುವ ಪದ್ಧತಿ ಮೂಲ ನಿಗದಿಯಲ್ಲಿಲ್ಲ. ಅರ್ಜಿ ಕಳುಹಿಸಿದವನು ಐದು ದಿನ ನಿಶ್ಚಿಂತನಾಗಿರುತ್ತಾನೆ. ಆರನೆಯ ದಿನಕ್ಕೆ ಅರ್ಜಿಯ ಗಡುವು ಮುಗಿದಿರಬಹುದು.

ಇನ್ನು ಕಾರಣಗಳು. ನಮ್ಮ ಅನುಭವದಲ್ಲಿ ಅತಿ ಹೆಚ್ಚಿನ ತೊಡಕುಗಳು ಹೆಸರಿನಿಂದಲೇ ಹುಟ್ಟುತ್ತವೆ. ಒಂದೇ ಊರನ್ನು ಕನ್ನಡದಲ್ಲಿ ಕುಂಬಳೆಯೆಂದೂ ಮಲೆಯಾಳದಲ್ಲಿ ಕುಂಬಳವೆಂದೂ, ಇನ್ನೊಂದನ್ನು ಮಂಜೇಶ್ವರವೆಂದೂ ಮಂಜೇಶ್ವರಮೆಂದೂ ಕರೆಯುವ ನಾಡಿನ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಊರಿನ ಎಲ್ಲ ಹೆಸರುಗಳನ್ನೂ ಅಂಚೆಯವನು ಬಲ್ಲವನಾಗಿರಬೇಕು. ನೆರೆಯೂರಿನ ಹೆಸರನ್ನು ತನ್ನದೆಂದು ಬಗೆಯಲೂ ಬಾರದು. ಯಂತ್ರವು ಯಾವ ಯಾವ ಹೆಸರುಗಳನ್ನು ತನ್ನವೆಂದು ತಿಳಿಯಬೇಕೆಂಬುದು ಪೋಸ್ಟ್‌ಫಿಕ್ಸ್‌ನಲ್ಲಿ ‘ಮೈ-ಡೆಸ್ಟಿನೇಷನ್’ ಎಂಬ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿ ಬೇಕಾದ ಹೆಸರು ಬಿಟ್ಟುಹೋದರೆ ಯಂತ್ರವು ಆ ಪತ್ರವನ್ನು ಪರರದೆಂದು ಭಾವಿಸಿ, ಹೊರಗಿನ ವಿಳಾಸಪುಸ್ತಕವನ್ನು ನೋಡುತ್ತದೆ. ಆ ಪುಸ್ತಕವು ಇದೇ ಯಂತ್ರವನ್ನು ತೋರಿಸುತ್ತದೆ. ಆಗ ‘ಈ ಹೆಸರಿನ ಪತ್ರವು ಸುತ್ತಿ ನನ್ನಲ್ಲಿಗೇ ಬರುತ್ತಿದೆ’ ಎಂಬರ್ಥದ ‘ಲೂಪ್ಸ್ ಬ್ಯಾಕ್ ಟು ಮೈಸೆಲ್ಫ್’ ಎಂಬ ದೂರಿನೊಡನೆ ಪತ್ರವು ಹಿಂದಿರುಗುತ್ತದೆ. ಮನೆಯವನೇ ಮನೆಯ ಹೆಸರನ್ನು ಮರೆತು ಬೀದಿಯಲ್ಲಿ ನಿಂತಂತೆ.

ಇದರ ವಿಪರ್ಯಾಸವು ಇನ್ನೂ ಕಷ್ಟಕರವಾದುದು, ಮತ್ತು ಸಣ್ಣ ಸಂಸ್ಥೆಗಳಲ್ಲಿ ಮೇಲಿಂದ ಮೇಲೆ ಕಾಣಬರುವಂಥದು. ಒಂದು ಶಾಲೆಯನ್ನು ಊಹಿಸಿಕೊಳ್ಳೋಣ. ಶಾಲೆಯ ಜಾಲತಾಣವು ಒಂದು ಲಿನಕ್ಸ್ ಸರ್ವರಿನಲ್ಲಿದೆ. ಕಚೇರಿಯ ಅಂಚೆಪೆಟ್ಟಿಗೆಯಾದರೋ ಬೇರೊಂದು ಕಂಪೆನಿಯಲ್ಲಿದೆ. ಎರಡಕ್ಕೂ ಶಾಲೆಯ ಹೆಸರೇ ವಿಳಾಸ. ಸರ್ವರನ್ನು ಸ್ಥಾಪಿಸಿದವರು ಆ ಹೆಸರನ್ನೇ ಯಂತ್ರಕ್ಕೂ ಇಟ್ಟಿದ್ದಾರೆ. ಮೂಲ ನಿಗದಿಯಂತೆ ಯಂತ್ರದ ಹೆಸರು ಮೈ-ಡೆಸ್ಟಿನೇಷನ್ ಪಟ್ಟಿಯಲ್ಲಿ ತಾನಾಗಿ ಸೇರುತ್ತದೆ. ಮನೆಯಲ್ಲಿ ಕುಳಿತ ಹುಡುಗಿಯೊಬ್ಬಳು ಜಾಲತಾಣದಲ್ಲಿ ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುತ್ತಾಳೆ. ‘ತಮ್ಮ ಅರ್ಜಿ ತಲುಪಿದೆ’ ಎಂದು ಪರದೆಯ ಮೇಲೆ ಬರುತ್ತದೆ. ಜಾಲತಾಣವು ಅರ್ಜಿಯನ್ನು ‘ಆಫೀಸ್’ ಎಂಬ ಹೆಸರಿಗೆ ಪತ್ರವಾಗಿ ಬರೆದು ಪೋಸ್ಟ್‌ಫಿಕ್ಸ್‌ಗೆ ಒಪ್ಪಿಸುತ್ತದೆ. ಪೋಸ್ಟ್‌ಫಿಕ್ಸ್ ಶಾಲೆಯ ಹೆಸರನ್ನು ನೋಡಿ, ಇದು ನಮ್ಮ ಮನೆಯದೇ ಎಂದು ಒಳಗೆ ಹುಡುಕುತ್ತದೆ. ಈ ಯಂತ್ರದಲ್ಲಿ ‘ಆಫೀಸ್’ ಎಂಬ ಖಾತೆಯಿಲ್ಲ. ‘ಅನ್‌ನೋನ್ ಯೂಸರ್’, ಅಂದರೆ ಅಜ್ಞಾತ ವಿಳಾಸದಾರ ಎಂಬ ಷರಾ ಬಿದ್ದು, 5.1.1 ಎಂಬ ಸಂಖ್ಯೆಯೊಡನೆ ಪತ್ರವು ಬರೆದವರಿಗೆ ಹಿಂದಿರುಗುತ್ತದೆ. ಬರೆದವರಾರು? ಹುಡುಗಿಯಲ್ಲ, ಜಾಲತಾಣವನ್ನು ನಡೆಸುವ ಖಾತೆ. ಆ ಖಾತೆಯ ಅಂಚೆಪೆಟ್ಟಿಗೆಯನ್ನು ತೆರೆದು ನೋಡುವ ಮನುಷ್ಯನೇ ಇಲ್ಲ.

ಇತ್ತ, ಬೇರೆ ಕಡೆಯಿಂದ ಯಾರಾದರೂ ತಮ್ಮ ಫೋನಿನಿಂದ ಕಚೇರಿಗೆ ಬರೆದರೆ ಆ ಪತ್ರವು ಈ ಸರ್ವರನ್ನು ಮುಟ್ಟದೆ ನೇರವಾಗಿ ಸರಿಯಾದ ಪೆಟ್ಟಿಗೆಯನ್ನು ಸೇರುತ್ತದೆ. ಆದುದರಿಂದ ಕಚೇರಿಯವರು ತಮ್ಮ ಅಂಚೆ ಸರಿಯಾಗಿದೆಯೆಂದೇ ಹೇಳುತ್ತಾರೆ, ಅದು ಸುಳ್ಳಲ್ಲ. ಹುಡುಗಿಯ ಮನೆಯವರು ಅರ್ಜಿ ಕಳುಹಿಸಿದ್ದೇವೆಂದೇ ಹೇಳುತ್ತಾರೆ, ಅದೂ ಸುಳ್ಳಲ್ಲ. ಎರಡು ಸತ್ಯಗಳ ನಡುವೆ ಹುಡುಗಿಯ ವಿದ್ಯಾರ್ಥಿವೇತನವು ಹೋಗುತ್ತದೆ, ಮನಸ್ಸುಗಳೂ ಕಹಿಯಾಗುತ್ತವೆ. ಕನ್ನಡದ ಮಕ್ಕಳ ಅರ್ಜಿಗೆ ಬೆಲೆಯಿಲ್ಲವೆಂಬ ಸಂಶಯವು ಎಷ್ಟು ಬೇಗ ಬೇರೂರುತ್ತದೆಂಬುದನ್ನು ಗಡಿನಾಡಿನವರಾದ ತಾವು ಬಲ್ಲಿರಿ. ನಮ್ಮ ನಿಜವಾದ ಕುಂದುಕೊರತೆಗಳೇ ಸಾಕಷ್ಟಿರುವಾಗ, ಒಂದು ಪಟ್ಟಿಯಲ್ಲಿನ ಒಂದು ಹೆಸರಿನಿಂದ ಇಲ್ಲದ ದ್ವೇಷವು ಹುಟ್ಟಬಾರದು.

ಪರಿಹಾರವು ಸರಳ. ಯಂತ್ರಕ್ಕೆ ಅದರದೇ ಆದ ಪ್ರತ್ಯೇಕ ಹೆಸರನ್ನಿಟ್ಟು, ಶಾಲೆಯ ಹೆಸರನ್ನು ಮೈ-ಡೆಸ್ಟಿನೇಷನ್ ಪಟ್ಟಿಯಿಂದ ತೆಗೆದು, ‘ಪೋಸ್ಟ್‌ಫಿಕ್ಸ್ ರೀಲೋಡ್’ ಎಂದರೆ ಪತ್ರಗಳು ಹೊರಗಿನ ಸರಿಯಾದ ಪೆಟ್ಟಿಗೆಯತ್ತ ಹೊರಡುತ್ತವೆ. ಅದಕ್ಕಿಂತ ಸಂತೋಷದ ಸಂಗತಿಯೆಂದರೆ ಹಳೆಯ ಅರ್ಜಿಗಳೂ ಅನೇಕ ವೇಳೆ ಸಿಗುತ್ತವೆ. ಪೋಸ್ಟ್‌ಫಿಕ್ಸ್ ಹಿಂದಿರುಗಿಸುವ ಪತ್ರದೊಳಗೆ ಮೂಲ ಪತ್ರವನ್ನು, ಅದು 50,000 ಬೈಟುಗಳ ಮಿತಿಯೊಳಗಿದ್ದರೆ, ಸಂಪೂರ್ಣವಾಗಿ ಇರಿಸುತ್ತದೆ; ಮೀರಿದ್ದರೆ ತಲೆಬರಹವನ್ನಾದರೂ ಇರಿಸುತ್ತದೆ. ಯಾರೂ ತೆರೆಯದ ಆ ಪೆಟ್ಟಿಗೆಯಲ್ಲಿ ಅರ್ಜಿಗಳು ಸಾಲಾಗಿ ಕುಳಿತಿರುತ್ತವೆ. ಮಾಯವಾಯಿತೆಂದವರು ಮೊದಲು ಅಲ್ಲಿ ನೋಡಬೇಕು.

ಎರಡನೆಯ ಕಾರಣ ಬದಲಿಹೆಸರುಗಳು. ರೂಟ್ ಖಾತೆಗೆ ಬಂದ ಪತ್ರವನ್ನು ಓದುವ ಒಬ್ಬ ಮನುಷ್ಯನಿಗೆ ಕೊಡಬೇಕೆಂಬಂಥ ಸೂಚನೆಗಳು ‘ಇ-ಟಿ-ಸಿ’ ಕೋಶದ ‘ಅಲಿಯಾಸಸ್’ ಎಂಬ ಕಡತದಲ್ಲಿರುತ್ತವೆ. ಈ ಕಡತವನ್ನು ತಿದ್ದಿದರಷ್ಟೇ ಸಾಲದು. ಯಂತ್ರವು ಓದುವುದು ಅದರಿಂದ ಸಿದ್ಧಗೊಳಿಸಿದ ಬೇರೊಂದು ಪ್ರತಿಯನ್ನು. ತಿದ್ದಿದ ಮೇಲೆ ‘ನ್ಯೂ-ಅಲಿಯಾಸಸ್’ ಎಂಬ ಆಜ್ಞೆಯನ್ನು ಕೊಟ್ಟು ಪ್ರತಿಯನ್ನು ನವೀಕರಿಸಬೇಕು. ಇಲ್ಲವಾದರೆ ಕಡತದಲ್ಲಿ ಹೊಸ ಕಾರ್ಯದರ್ಶಿಯ ಹೆಸರು ಕಾಣುತ್ತಿದ್ದರೂ ಪತ್ರವು ಹಳೆಯ ಕಾರ್ಯದರ್ಶಿಗೇ ಹೋಗುತ್ತಿರುತ್ತದೆ. ಸಂಘಗಳಲ್ಲಿ ಪದಾಧಿಕಾರಿಗಳು ಬದಲಾದ ವರ್ಷ ಈ ಪಟ್ಟಿಯನ್ನು ನೋಡುವುದು ಲೆಕ್ಕಪತ್ರವನ್ನು ಹಸ್ತಾಂತರಿಸಿದಷ್ಟೇ ಅವಶ್ಯ.

ಮೂರನೆಯದು ಪೆಟ್ಟಿಗೆಯ ಸ್ಥಳ. ಪತ್ರಗಳನ್ನು ಇರಿಸುವ ಪದ್ಧತಿಗಳು ಎರಡು. ಹಳೆಯದಾದ ‘ಎಂಬಾಕ್ಸ್’ನಲ್ಲಿ ಒಬ್ಬರ ಪತ್ರಗಳೆಲ್ಲ ಒಂದೇ ಕಡತದಲ್ಲಿ ಒಂದರ ಕೆಳಗೊಂದಾಗಿ ಬರೆಯಲ್ಪಡುತ್ತವೆ. ಇದು ಸಾಮಾನ್ಯವಾಗಿ ‘ವಾರ್’ ಕೋಶದ ‘ಮೇಲ್’ ಎಂಬಲ್ಲಿರುತ್ತದೆ. ಡೇನಿಯಲ್ ಬರ್ನ್‌ಸ್ಟೈನ್ ಅವರು ರೂಪಿಸಿದ ‘ಮೇಲ್‌ಡಿರ್’ನಲ್ಲಿ ಪತ್ರಕ್ಕೊಂದು ಕಡತ, ಬಳಕೆದಾರನ ಮನೆಕೋಶದೊಳಗೆ ‘ಟೆಂಪ್’, ‘ನ್ಯೂ’, ‘ಕರ್’ ಎಂಬ ಮೂರು ಅರೆಗಳು. ಬಟವಾಡೆಯವನು ಒಂದರಲ್ಲಿ ಹಾಕಿ, ಪತ್ರವನ್ನು ಓದಿ ಹೇಳುವ ‘ಡವ್‌ಕಾಟ್’ ಎಂಬ ತಂತ್ರಾಂಶವು ಇನ್ನೊಂದರಲ್ಲಿ ಹುಡುಕಿದರೆ, ದಿನಚರಿಯು ‘ಸೆಂಟ್’ ಎನ್ನುತ್ತದೆ, ಫೋನು ‘ಪತ್ರಗಳಿಲ್ಲ’ ಎನ್ನುತ್ತದೆ. ಮುಂಬಾಗಿಲಿನ ಪೆಟ್ಟಿಗೆಗೆ ಕಾಗದ ಬೀಳುತ್ತಿರುವಾಗ ಹಿಂಬಾಗಿಲಿನಲ್ಲಿ ಕಾಯುವ ಪರಿ ಇದು. ‘ಸೆಂಟ್’ ಎಂಬುದರ ಮುಂದೆ ‘ಡೆಲಿವರ್ಡ್ ಟು ಮೇಲ್‌ಬಾಕ್ಸ್’ ಎಂದಿದೆಯೋ ‘ಡೆಲಿವರ್ಡ್ ಟು ಮೇಲ್‌ಡಿರ್’ ಎಂದಿದೆಯೋ ನೋಡಿದರೆ ಸಂದೇಹವು ತೀರುತ್ತದೆ. ‘ಡೆಲಿವರ್ಡ್ ಟು ಕಮಾಂಡ್’ ಎಂದಿದ್ದರೆ ಪತ್ರವು ‘ಪ್ರಾಕ್‌ಮೇಲ್’ನಂಥ ಮತ್ತೊಬ್ಬ ವಿಂಗಡಣೆಗಾರನ ಕೈಸೇರಿದೆ, ವಿಚಾರಣೆಯು ಅಲ್ಲಿಂದ ಮುಂದುವರಿಯಬೇಕು.

ನಾಲ್ಕನೆಯದು ಅನುಮತಿ. ಬೇರೆ ಯಂತ್ರದಿಂದ ಮನೆಕೋಶಗಳನ್ನು ಸಾಗಿಸಿ ತಂದಾಗ ಅವುಗಳ ಒಡೆತನವು ತಪ್ಪಿಹೋಗುವುದುಂಟು. ಬಟವಾಡೆಯವನು ಬಳಕೆದಾರನ ಹೆಸರಿನಲ್ಲಿ ಬಾಗಿಲು ತಟ್ಟುತ್ತಾನೆ, ಬಾಗಿಲು ತೆರೆಯುವುದಿಲ್ಲ. ‘ಪರ್ಮಿಷನ್ ಡಿನೈಡ್’ ಎಂದು ದಿನಚರಿಯಲ್ಲಿ ಬೀಳುತ್ತದೆ. ಆಗ ಬೇಸತ್ತು ಎಲ್ಲ ಬಾಗಿಲುಗಳನ್ನೂ ಎಲ್ಲರಿಗೂ ತೆರೆದಿಡುವುದು ಪರಿಹಾರವಲ್ಲ. ಕೋಶದ ಒಡೆಯನನ್ನು ಸರಿಪಡಿಸುವುದೇ ಪರಿಹಾರ. ರೆಡ್‌ಹ್ಯಾಟ್ ಬಳಗದಲ್ಲಿ ‘ಎಸ್‌ಇ-ಲಿನಕ್ಸ್’ ಎಂಬ ಎರಡನೆಯ ಕಾವಲುಗಾರನೂ ಇರುವುದರಿಂದ, ಒಡೆತನವು ಸರಿಯಿದ್ದರೂ ತಡೆಯುಂಟಾದರೆ ‘ರಿಸ್ಟೋರ್‌ಕಾನ್’ ಎಂಬ ಆಜ್ಞೆಯಿಂದ ಕೋಶದ ಗುರುತುಚೀಟಿಯನ್ನು ಮೊದಲಿನಂತೆ ಮಾಡಬೇಕಾಗುತ್ತದೆ.

ಐದನೆಯದು ಸ್ಥಳದ ಅಭಾವ. ‘ಡಿಎಫ್’ ಆಜ್ಞೆಯಿಂದ ಡಿಸ್ಕಿನಲ್ಲಿ ಜಾಗವೆಷ್ಟಿದೆಯೆಂದು ನೋಡಬೇಕು. ಜಾಗವಿದ್ದೂ ಕಡತಗಳ ಸಂಖ್ಯೆಯ ಮಿತಿ ಮುಗಿದಿರಬಹುದು. ಪತ್ರಕ್ಕೊಂದು ಕಡತವಾಗುವ ಮೇಲ್‌ಡಿರ್‌ನಲ್ಲಿ ಹೀಗಾಗುವ ಸಂಭವವು ಹೆಚ್ಚು. ಅದನ್ನು ತಿಳಿಯಲು ಡಿಎಫ್ ಆಜ್ಞೆಗೆ ‘ಐ’ ಎಂಬ ಸಂಜ್ಞೆಯನ್ನು ಸೇರಿಸಬೇಕು. ಎಂಬಾಕ್ಸ್ ಪೆಟ್ಟಿಗೆಗೆ ಪೋಸ್ಟ್‌ಫಿಕ್ಸ್‌ನ ಮೂಲ ನಿಗದಿಯು 5,12,00,000 ಬೈಟುಗಳ ಮಿತಿಯನ್ನಿಟ್ಟಿದೆ. ಕೆಲವು ವಿತರಣೆಗಳು ಇದನ್ನು ತೆಗೆದುಹಾಕಿರುತ್ತವೆ. ಮಿತಿಯಿರುವಲ್ಲಿ ವರ್ಷಗಟ್ಟಲೆ ಯಾರೂ ಓದದ ರೂಟ್‌ನ ಪೆಟ್ಟಿಗೆಯು ಹಳೆಯ ಎಚ್ಚರಿಕೆಗಳಿಂದಲೇ ತುಂಬಿ, ಹೊಸ ಎಚ್ಚರಿಕೆಗೆ ಎಡೆಯಿಲ್ಲದಂತಾಗುತ್ತದೆ. ಕೂಗಿ ಕೂಗಿ ಗಂಟಲು ಕಟ್ಟಿದವನು ಬೆಂಕಿ ಬಿದ್ದಾಗ ಮೂಕನಾದಂತೆ!

ದೋಷವು ಯಾವುದೇ ಇರಲಿ, ತಿದ್ದುವ ಕ್ರಮವು ಒಂದೇ. ‘ಪೋಸ್ಟ್‌ಕಾನ್ಫ್’ ಆಜ್ಞೆಗೆ ‘ಎನ್’ ಎಂಬ ಸಂಜ್ಞೆಯನ್ನು ಸೇರಿಸಿದರೆ ಮೂಲ ನಿಗದಿಗಿಂತ ಬೇರೆಯಾಗಿ ನಾವು ಬರೆದುದೆಲ್ಲ ಒಂದೆಡೆ ಕಾಣುತ್ತದೆ. ಅದರ ಪ್ರತಿಯೊಂದನ್ನು ತೆಗೆದಿರಿಸಿ, ಒಂದೇ ಒಂದು ಸಾಲನ್ನು ಬದಲಿಸಿ, ‘ಪೋಸ್ಟ್‌ಫಿಕ್ಸ್ ಚೆಕ್’ ಎಂದು ತಪಾಸಣೆ ಮಾಡಿ, ಮತ್ತೆ ಪರೀಕ್ಷೆಯ ಪತ್ರವನ್ನು ಕಳುಹಿಸಬೇಕು. ಸರಿಹೋದ ಬಳಿಕ ‘ಪೋಸ್ಟ್‌ಕ್ಯೂ’ ಆಜ್ಞೆಗೆ ‘ಎಫ್’ ಸಂಜ್ಞೆಯನ್ನು ಸೇರಿಸಿದರೆ ಅಡ್ಡೆಯಲ್ಲಿ ತಂಗಿದ್ದ ಪತ್ರಗಳು ಮತ್ತೆ ಹೊರಡುತ್ತವೆ.

ಇಲ್ಲಿ ಧರ್ಮದ ಎರಡು ಮಾತುಗಳನ್ನು ಹೇಳದೆ ಮುಂದುವರಿಯಲಾರೆವು. ಸರದಿಯಲ್ಲಿ ಸಾವಿರ ಪತ್ರಗಳು ನಿಂತಿರುವುದನ್ನು ಕಂಡು ಒಂದೇ ಆಜ್ಞೆಯಿಂದ ಎಲ್ಲವನ್ನೂ ಅಳಿಸಿಬಿಡುವ ಮಾರ್ಗವುಂಟು. ಸರದಿಯೇನೋ ಶುಭ್ರವಾಗುತ್ತದೆ. ಆದರೆ ಪತ್ರವು ಮಾಯವಾಗುವುದು ವಿರಳವೆಂದೆವಲ್ಲ, ಆ ವಿರಳ ಸಂದರ್ಭವು ಮನುಷ್ಯನ ಕೈಯಿಂದ ಹೀಗೆ ಒದಗುತ್ತದೆ. ಅವು ಪರರ ಕಾಗದಗಳು, ನಮ್ಮ ಕಸವಲ್ಲ. ಎರಡನೆಯದಾಗಿ, ‘ಪೋಸ್ಟ್‌ಕ್ಯಾಟ್’ ಎಂಬ ಆಜ್ಞೆಯಿಂದ ನಿಂತ ಪತ್ರವನ್ನು ತೆರೆದು ಓದುವ ಅಧಿಕಾರವು ಯಂತ್ರವನ್ನು ನೋಡಿಕೊಳ್ಳುವವರಿಗಿರುತ್ತದೆ. ಅದೇ ಆಜ್ಞೆಗೆ ‘ಇ’ ಎಂಬ ಸಂಜ್ಞೆಯನ್ನು ಕೊಟ್ಟರೆ ಲಕೋಟೆಯ ಮೇಲಿನ ವಿವರ ಮಾತ್ರ ಕಾಣುತ್ತದೆ. ದೋಷವನ್ನು ಹುಡುಕಲು ಬಹುಮಟ್ಟಿಗೆ ಲಕೋಟೆಯೇ ಸಾಕು. ಪರರ ಕಾಗದವನ್ನು ಒಡೆದು ಓದಬಾರದೆಂಬ ನಮ್ಮ ಹಿರಿಯರ ನಡತೆಗೆ ಯಂತ್ರ ಬಂದಿತೆಂಬ ಕಾರಣದಿಂದ ರಿಯಾಯಿತಿಯಿಲ್ಲ.

ಕನ್ನಡದ ಮಾತೊಂದನ್ನು ಸೇರಿಸುತ್ತೇವೆ. ಪತ್ರದ ಒಡಲಿನಲ್ಲಿಯೂ ವಿಷಯದ ಸಾಲಿನಲ್ಲಿಯೂ ಕನ್ನಡವನ್ನು ಬರೆಯಲು, 1992ರಲ್ಲಿ ಬಂದ ‘ಮೈಮ್’ ಎಂಬ ಕಟ್ಟಳೆಗಳು ದಾರಿ ಮಾಡಿಕೊಟ್ಟಿವೆ. ‘ಅಟ್’ ಚಿಹ್ನೆಯ ಎರಡೂ ಬದಿಯ ವಿಳಾಸವನ್ನೇ ಕನ್ನಡ ಲಿಪಿಯಲ್ಲಿ ಬರೆಯುವ ಮಾರ್ಗವು 2012ರಲ್ಲಿ ನಿಯಮವಾಗಿ ರೂಪುಗೊಂಡು, 2015ರ ಪೋಸ್ಟ್‌ಫಿಕ್ಸ್ 3.0ರಲ್ಲಿ ಅಳವಟ್ಟಿತು. ಆದರೆ ಕಳುಹಿಸುವ, ಪಡೆಯುವ ಎರಡೂ ಕಡೆಯ ಯಂತ್ರಗಳು ಅದನ್ನು ಒಪ್ಪಿದಾಗ ಮಾತ್ರ ಅಂಥ ಪತ್ರವು ಗುರಿಮುಟ್ಟುತ್ತದೆ. ಆದಕಾರಣ ಯಂತ್ರದ ಎಚ್ಚರಿಕೆಯ ಪತ್ರಗಳಿಗೆ ಸದ್ಯಕ್ಕೆ ಇಂಗ್ಲಿಷ್ ಲಿಪಿಯ ಖಾತೆಯನ್ನೇ ಇಟ್ಟುಕೊಂಡು, ಒಳಗಿನ ಒಕ್ಕಣೆಯನ್ನು ಕನ್ನಡದಲ್ಲಿ ಬರೆಯುವುದು ವಿವೇಕ.

ಕಡೆಯದಾಗಿ ಸಂಸ್ಥೆಗಳನ್ನು ನಡೆಸುವ ಹಿರಿಯರಲ್ಲಿ ಮೂರು ವಿಜ್ಞಾಪನೆಗಳು. ರೂಟ್‌ನ ಪತ್ರವು ಒಬ್ಬ ಹೆಸರುಳ್ಳ ವ್ಯಕ್ತಿಗೆ, ಸಾಧ್ಯವಾದರೆ ಇಬ್ಬರಿಗೆ, ತಲುಪುವ ಏರ್ಪಾಡಾಗಲಿ. ಪ್ರತಿ ತಿಂಗಳ ಮೊದಲ ದಿನ ಯಂತ್ರವು ‘ನಾನು ಕುಶಲ’ ಎಂಬ ಒಂದು ಸಾಲಿನ ಪತ್ರವನ್ನು ತಾನಾಗಿ ಬರೆಯುವಂತೆ ಕ್ರಾನ್‌ಗೆ ಹೇಳಿಡಲಿ. ಆ ಪತ್ರ ಬಾರದ ತಿಂಗಳು ವಿಚಾರಣೆಯ ತಿಂಗಳೆಂದು ತಿಳಿಯಲಿ. ಯಂತ್ರದಲ್ಲಿ ಯಾವ ದಿನ ಯಾರು ಯಾವ ಸಾಲನ್ನು ಏಕೆ ಬದಲಿಸಿದರೆಂಬುದನ್ನು ಒಂದು ನೋಟುಪುಸ್ತಕದಲ್ಲಿ, ಕನ್ನಡದಲ್ಲಿ, ಬರೆದಿಡಲಿ. ಇವುಗಳಿಗೆ ಹಣದ ಖರ್ಚಿಲ್ಲ. ಬೇಕಾದುದು ಒಬ್ಬರ ಒಂದು ಗಂಟೆ ಮತ್ತು ನಿಯಮ.

ವಿದ್ಯಾರ್ಥಿಗಳಿಗೆ ಒಂದೇ ಮಾತು. ಈ ವಿದ್ಯೆಗೆ ಬೇಕಾದುದು ಅಪಾರ ಬುದ್ಧಿಯಲ್ಲ, ಓದುವ ತಾಳ್ಮೆ. ಯಂತ್ರವು ತನ್ನ ಕಷ್ಟವನ್ನು ಪ್ರಾಮಾಣಿಕವಾಗಿ ಬರೆದಿಡುತ್ತದೆ. ಕುಳಿತು ಓದುವವರು ಬೇಕಷ್ಟೆ. ಶಾಲೆಯ ಯಂತ್ರದಲ್ಲಿ ಗುರುಗಳ ಅಪ್ಪಣೆ ಪಡೆದು ನಿಮ್ಮ ಖಾತೆಗೆ ನೀವೇ ಒಂದು ಪತ್ರವನ್ನು ಬರೆದು, ಅದರ ಗುರುತಿನ ಸಂಖ್ಯೆಯನ್ನು ಹಿಡಿದು ಮೊದಲ ಮೇಜಿನಿಂದ ಕೊನೆಯ ಪೆಟ್ಟಿಗೆಯವರೆಗೆ ಹಿಂಬಾಲಿಸಿ ನೋಡಿ. ಒಮ್ಮೆ ಆ ದಾರಿಯನ್ನು ನಡೆದವರಿಗೆ ಮುಂದೆ ಯಾವ ಸರ್ವರೂ ಅಪರಿಚಿತವೆನಿಸುವುದಿಲ್ಲ.